ಲೂಟಿ ಮಾಲಿಗೊಬ್ಬ ವಕೀಲ

ಸಿಂಗಾಪುರ ಜಲಸಂಧಿಯಲ್ಲಿ ಹಡಗು ನಡೆಸುವಾಗ ಯಾರಿಗೂ ಇತಿಹಾಸ ನೆನಪಾಗುವುದಿಲ್ಲ. ಆಗಬಾರದು ಕೂಡ. ಮುಂದೊಂದು ಟ್ಯಾಂಕರ್, ಹಿಂದೆ ನಮಗಿಂತ ಜೋರಾಗಿ ಬರುತ್ತಿರುವ ಇನ್ನೊಂದು ಕಂಟೇನರ್ ಹಡಗು, ಅಡ್ಡ ಬರುವ ಬಾತಾಮ್ ಫೆರ್ರಿಗಳು, ರಾಡಾರ್ ಪರದೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ವರ್ಷಕ್ಕೆ 80 ಸಾವಿರಕ್ಕೂ ಜಾಸ್ತಿ ಹಡಗು ಹಾದುಹೋಗುವ ದಾರಿ ಇದು. ನಾನು ಚೀಫ್ ಆಫೀಸರ್, ಬೆಳಗಿನ ನಾಲ್ಕರಿಂದ ಎಂಟರ ವಾಚ್ ನನ್ನದು. ಇಲ್ಲಿ ಕ್ಯಾಪ್ಟನ್ ಕೂಡ ಬ್ರಿಜ್ ಬಿಟ್ಟು ಕದಲುವುದಿಲ್ಲ. ಕೈಯಲ್ಲಿ ಕಾಫಿ, ಮಾತು ಕಮ್ಮಿ.

ದಟ್ಟಣೆ ದಾಟಿ, ಸ್ವಲ್ಪ ಉಸಿರಾಡುವಂತಾದ ಮೇಲೆ ನಮ್ಮ ಡೆಕ್ ಕೆಡೆಟ್ ಬಾಯಿ ಬಿಟ್ಟ. ಕುಮಟಾ ಕಡೆಯ ಹುಡುಗ, ಮೊದಲ ಹಡಗು. "ಸರ್, ಸೂಯೆಜ್‌ನಲ್ಲಿ ಲಕ್ಷಗಟ್ಟಲೆ ಡಾಲರ್ ಕಟ್ತೇವೆ. ಇಲ್ಲಿ ಮೂರು ದೇಶದ ಮಧ್ಯೆ ನುಗ್ಗಿ ಬಂದ್ವಿ, ಯಾರೂ ಒಂದು ರೂಪಾಯಿ ಕೇಳ್ಲಿಲ್ಲ. ಯಾಕೆ?"

ಒಳ್ಳೆ ಪ್ರಶ್ನೆ. ಹಾಂಗ್‌ಕಾಂಗ್ ಕಡೆಯಿಂದ ಬಂದು ಹಾರ್ಸ್‌ಬರ್ಗ್ ದೀಪಸ್ತಂಭ ಸಮೀಪಿಸುವಾಗ ನಾವು ರೇಡಿಯೋದಲ್ಲಿ ಸಿಂಗಾಪುರದವರನ್ನು ಕರೆದು ಹಡಗಿನ ಹೆಸರು, ಡ್ರಾಫ್ಟ್ (ಹಡಗು ನೀರಿನೊಳಗೆ ಎಷ್ಟು ಆಳ ಮುಳುಗಿದೆ ಅನ್ನುವುದು), ಎಲ್ಲಿಗೆ ಹೊರಟಿದ್ದೇವೆ ಎಂದು ಹೇಳುತ್ತೇವೆ. ತಿಳಿಸುತ್ತೇವೆ ಅಷ್ಟೆ, ಅಪ್ಪಣೆ ಕೇಳುವುದಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಇಂಥ ಜಲಸಂಧಿ ದಾಟುವುದು ಎಲ್ಲ ದೇಶದ ಹಡಗಿಗೂ ಇರುವ ಹಕ್ಕು. ದಡದ ದೇಶ ತಡೆಯುವಂತಿಲ್ಲ, ಸುಮ್ನೆ ಹಾದುಹೋಗಿದ್ದಕ್ಕೆ ಸುಂಕ ಹಾಕುವಂತಿಲ್ಲ. ಸೂಯೆಜ್ ಅಗೆದು ಮಾಡಿದ ಕಾಲುವೆ, ಅದರ ಲೆಕ್ಕ ಬೇರೆ. ಪರೀಕ್ಷೆಗೆ ಇಷ್ಟು ಸಾಕು.

ಆದರೆ ಈ ಹಕ್ಕಿನ ಕಥೆ ಶುರುವಾಗುವುದು ನಾವು ಆಗ ತಾನೇ ಬಲಕ್ಕೆ ಬಿಟ್ಟು ಬಂದಿದ್ದ, ಮಲೇಷ್ಯಾ ಕಡೆಯ ಜೋಹರ್ ಹೊಳೆಯ ಬಾಯಲ್ಲಿ. ಅದೂ ಒಂದು ಹಾಡಹಗಲ ದರೋಡೆಯಿಂದ. ಹುಡುಗನಿಗೆ ಅರ್ಧ ಹೇಳುವಷ್ಟರಲ್ಲಿ ವಾಚ್ ಮುಗಿಯಿತು. ಪೂರ್ತಿ ಇಲ್ಲಿ ಬರೆಯುತ್ತೇನೆ.

ಮೊದಲು ನಮ್ಮ ಊರಿನ ಮಾತು. ಬೀಗ ಹಾಕಿದ ಸಮುದ್ರ ಹೇಗಿತ್ತು ಅಂತ ಗೊತ್ತಿಲ್ಲದೆ ಮುಕ್ತ ಸಮುದ್ರದ ಮಾತು ತಲೆಗೆ ಹತ್ತುವುದಿಲ್ಲ. ನಾನು ಗಂಗೊಳ್ಳಿಯವನು. ಹೊಳೆಗಳು ಸೇರಿ ಕಡಲಿಗೆ ಬೀಳುವ ಜಾಗ. ಇಲ್ಲಿಂದ ಒಳಗೆ ಹೋದರೆ ವಾರಾಹಿ ದಡದಲ್ಲಿ ಬಸ್ರೂರು. ಈಗ ನೋಡಿದರೆ ಅದು ಬಂದರು ಅಂತ ಯಾರೂ ಹೇಳಲಾರರು. ಐನೂರು ವರ್ಷದ ಹಿಂದೆ ಅಲ್ಲಿಂದ ಅಕ್ಕಿ ತುಂಬಿದ ಹಡಗುಗಳು ಗೋವಾಕ್ಕೆ, ಅರಬ್ಬೀ ಕಡಲಾಚೆ ಹೊರ್ಮುಜ್‌ವರೆಗೆ ಹೋಗುತ್ತಿದ್ದವು. ಪೋರ್ಚುಗೀಸರು ಬಂದ ಮೇಲೆ ಅವರ ಪಾಸ್ ಇಲ್ಲದೆ ಹಡಗು ಬಿಡುವಂತಿರಲಿಲ್ಲ. ಆ ಪಾಸಿಗೆ ಕಾರ್ತಾಸ್ ಅನ್ನುತ್ತಿದ್ದರು. ಹಡಗು ಯಾರದ್ದು, ನಖುದ ಅಂದರೆ ಕಪ್ತಾನ ಯಾರು, ಎಷ್ಟು ಜನ, ಯಾವ ಆಯುಧ, ಏನು ಮಾಲು, ಎಲ್ಲಿಗೆ, ಎಲ್ಲ ಅದರಲ್ಲಿ ಬರೆದಿರಬೇಕು. ಕರಿಮೆಣಸು ಹಾಕುವಂತಿಲ್ಲ. ದಾರಿಯಲ್ಲಿ ಅವರ ಕೋಟೆಗೆ ಹೋಗಿ ಸುಂಕ ಕಟ್ಟಬೇಕು. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ ಮಾಲೂ ಹೋಯಿತು, ಹಡಗೂ ಹೋಯಿತು. ಸೂರತ್‌ನಿಂದ ಮೆಕ್ಕಾ ಯಾತ್ರೆಗೆ ಹೊರಡುವ ಮೊಘಲರ ಹಡಗಿಗೂ ಇದು ತಪ್ಪಲಿಲ್ಲ. 1568, 69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರು ಮೂರೂ ಕಡೆ ಪೋರ್ಚುಗೀಸ್ ಕೋಟೆ ಎದ್ದವು. ಅವರನ್ನು ಅಲ್ಲಿಂದ ಎಬ್ಬಿಸಲು 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನೇ ಬರಬೇಕಾಯಿತು.

ಇಷ್ಟೆಲ್ಲ ಯಾವ ಹಕ್ಕಿನ ಮೇಲೆ? 1493ರಲ್ಲಿ ಪೋಪ್ ಆರನೇ ಅಲೆಕ್ಸಾಂಡರ್ ಹೊಸದಾಗಿ ಸಿಕ್ಕ ನೆಲವನ್ನು ಸ್ಪೇನಿಗೆ ಬರೆದುಕೊಟ್ಟ. ಮರುವರ್ಷ ತೋರ್ದೆಸಿಯಾಸ್ ಎಂಬ ಊರಲ್ಲಿ ಸ್ಪೇನ್, ಪೋರ್ಚುಗಲ್ ಕೂತು ಅಟ್ಲಾಂಟಿಕ್ ಮೇಲೆ ಗೆರೆ ಎಳೆದವು. ಕೇಪ್ ವರ್ಡ್ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಆ ಗೆರೆ. ಆಚೆಗಿನದು ನಿನಗೆ, ಈಚೆಗಿನದು ನನಗೆ. ಬಸ್ರೂರಿನ ಸೆಟ್ಟರಿಗೆ ಇದರ ಸುದ್ದಿಯೂ ಇಲ್ಲ.

ಈಗ 1603ಕ್ಕೆ ಬನ್ನಿ. ಡಚ್ಚರು ಆಗಷ್ಟೆ ಏಷ್ಯಾದ ಕಡಲಿಗೆ ಇಳಿದಿದ್ದರು. ಸ್ಪೇನಿನ ಅರಸನ ವಿರುದ್ಧ ದಂಗೆ ಎದ್ದು ಅವರು ದಶಕಗಳಿಂದ ಕಾದಾಡುತ್ತಿದ್ದರು. ಪೋರ್ಚುಗಲ್ ಕೂಡ 1580ರಿಂದ ಅದೇ ಅರಸನ ಕೈಲಿತ್ತು. ಯಾಕೋಬ್ ಫಾನ್ ಹೇಮ್ಸ್‌ಕರ್ಕ್ ಎಂಬ ಡಚ್ ಕಪ್ತಾನ ಜೋಹರ್ ಬಳಿ ಕಾದು ಕೂತಿದ್ದ. ಸಾಮಾನ್ಯ ಆಸಾಮಿಯಲ್ಲ. ಚೀನಾಕ್ಕೆ ಉತ್ತರದಿಂದ ದಾರಿ ಹುಡುಕಲು ಹೋಗಿ, ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿ, 1596-97ರ ಚಳಿಗಾಲವನ್ನು ನೊವಾಯಾ ಜೆಮ್ಲ್ಯಾದಲ್ಲಿ ಕಳೆದು ಜೀವಸಹಿತ ವಾಪಸ್ ಬಂದವನು. ಚೀನಾ ದಡದ ಮಕಾವ್‌ನಲ್ಲಿ ಪೋರ್ಚುಗೀಸರು ಹದಿನೇಳು ಡಚ್ ನಾವಿಕರನ್ನು ಕೊಂದಿದ್ದಾರೆ ಎಂಬ ಸುದ್ದಿ ಅವನಿಗೆ ಸಿಕ್ಕಿತ್ತು. ಜೋಹರಿನ ಸುಲ್ತಾನನ ಮನೆತನಕ್ಕೂ ಪೋರ್ಚುಗೀಸರ ಮೇಲೆ ಹಳೆ ಸಿಟ್ಟು. 1511ರಲ್ಲಿ ಮಲಕ್ಕಾ ಕಳೆದುಕೊಂಡವರು ಇವರೇ. ಸುಲ್ತಾನನ ತಮ್ಮ ರಾಜಾ ಬೊಂಗ್ಸು ಡಚ್ಚರ ಜೊತೆ ಕೈ ಜೋಡಿಸಿದ.

ಫೆಬ್ರವರಿ 25ರ ಬೆಳಿಗ್ಗೆ ಹೊಳೆಯ ಬಾಯಲ್ಲಿ ದೊಡ್ಡದೊಂದು ಪೋರ್ಚುಗೀಸ್ ಹಡಗು ಕಂಡಿತು. ಹೆಸರು ಸಾಂತಾ ಕತರೀನಾ. ಮಕಾವ್‌ನಿಂದ ಮಲಕ್ಕಾಕ್ಕೆ ಹೊರಟಿತ್ತು, ಅಂದರೆ ನಾವು ಈಗಲೂ ಬರುವ ಅದೇ ದಾರಿ. ಒಳಗೆ ಚೀನಾದ ರೇಷ್ಮೆ, ಪಿಂಗಾಣಿ, ಕಸ್ತೂರಿ. ಜೊತೆಗೆ ನೂರಾರು ಜನ, ಹೆಂಗಸರು ಮಕ್ಕಳೂ ಇದ್ದರು. ಇಡೀ ದಿನ ಗುಂಡಿನ ಕಾಳಗ ನಡೆಯಿತು. ಹೇಮ್ಸ್‌ಕರ್ಕ್ ತನ್ನ ಗೋಲಂದಾಜರಿಗೆ ಕೊಟ್ಟ ಸೂಚನೆ ನನಗೆ ಬಹಳ ಇಷ್ಟ. ಹಾಯಿಗೆ ಹೊಡೆಯಿರಿ, ಹಡಗಿನ ಒಡಲಿಗೆ ಬೇಡ. ಒಡಲಿಗೆ ಹೊಡೆದರೆ ಹಾಳಾಗುವುದು ನಮ್ಮದೇ ಮಾಲು. ನಾನೂ ಕಾರ್ಗೋ ನೋಡಿಕೊಳ್ಳುವ ಆಫೀಸರ್, ಈ ತಲೆ ನನಗೆ ಅರ್ಥವಾಗುತ್ತದೆ. ಇನ್ನೂ ಗೆಲ್ಲದ ಹಡಗಿನ ಮಾಲನ್ನು ಆತ ಆಗಲೇ ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದ! ಸಂಜೆ ಹೊತ್ತಿಗೆ ಪೋರ್ಚುಗೀಸ್ ಕಪ್ತಾನ ಸೋಲೊಪ್ಪಿದ. ಜನರ ಪ್ರಾಣ ಉಳಿಯಿತು, ಹಡಗೂ ಮಾಲೂ ಡಚ್ಚರ ಪಾಲಾಯಿತು.

1604ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಮಾಲು ಹರಾಜಾದಾಗ ಬಂದದ್ದು 30 ಲಕ್ಷ ಗಿಲ್ಡರಿಗೂ (ಆಗಿನ ಡಚ್ ನಾಣ್ಯ) ಮೇಲೆ. ಅಂದಾಜಿಗೆ ಹೇಳುತ್ತೇನೆ: 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಷೇರುದಾರರು ಹಾಕಿದ ಒಟ್ಟು ಬಂಡವಾಳವೇ ಸುಮಾರು 64 ಲಕ್ಷ ಗಿಲ್ಡರ್. ಒಂದೇ ಹಡಗಿನಿಂದ ಅದರ ಅರ್ಧ. ಆ ಸೆಪ್ಟೆಂಬರಿನಲ್ಲಿ ಅಲ್ಲಿನ ಕೋರ್ಟೂ ಈ ಲೂಟಿ ನ್ಯಾಯವಾದದ್ದೇ ಎಂದು ತೀರ್ಪು ಕೊಟ್ಟಿತು. ಆದರೂ ಜನಕ್ಕೆ ಸಮಾಧಾನವಿಲ್ಲ. ಹೇಮ್ಸ್‌ಕರ್ಕ್ ಹೊರಟದ್ದು ವ್ಯಾಪಾರಕ್ಕೆ. ಮೈಮೇಲೆ ಬಂದರೆ ಮಾತ್ರ ಹೊಡೆದಾಡು ಎಂದು ಅವನಿಗೆ ಹೇಳಿ ಕಳಿಸಿದ್ದರು. ಷೇರುದಾರರಲ್ಲಿ ಮೆನ್ನೊನೈಟ್ ಪಂಥದವರೂ ಇದ್ದರು. ಯಾವ ಕಾರಣಕ್ಕೂ ಆಯುಧ ಮುಟ್ಟಬಾರದು ಎನ್ನುವವರು. ಇಂಥ ದುಡ್ಡು ಬೇಡ ಅಂತ ಕೆಲವರು ಕಂಪನಿಯಿಂದ ಹೊರಬಿದ್ದರು. ಕಂಪನಿಗೆ ಈಗ ದುಡ್ಡಿತ್ತು, ಮರ್ಯಾದೆ ಬೇಕಿತ್ತು.

ಅದಕ್ಕೆ ಹಿಡಿದದ್ದು ಡೆಲ್ಫ್ಟ್‌ನ 21 ವರ್ಷದ ವಕೀಲ ಹ್ಯೂಗೋ ಗ್ರೋಷಿಯಸ್‌ನನ್ನು. ಹನ್ನೊಂದಕ್ಕೆ ಲೈಡನ್ ವಿಶ್ವವಿದ್ಯಾಲಯ ಸೇರಿದವನು. ಹದಿನೈದಕ್ಕೆ ಫ್ರಾನ್ಸಿಗೆ ಹೋದಾಗ ಅಲ್ಲಿನ ದೊರೆ ಇವನನ್ನು ಹಾಲೆಂಡಿನ ಪವಾಡ ಅಂದನಂತೆ. ನಾಲ್ಕು ಪುಟದ ಒಂದು ಸಮರ್ಥನೆ ಬರೆದಿದ್ದರೆ ಸಾಕಿತ್ತು. ಹುಡುಗ ದೊಡ್ಡ ಗ್ರಂಥವನ್ನೇ ಬರೆದು ಕೂತ.

ಅದರಲ್ಲಿ ನನ್ನನ್ನು ನಿಲ್ಲಿಸಿದ್ದು ಸಮುದ್ರದ ಮಾತಲ್ಲ. ಅದಕ್ಕೂ ಬುಡದಲ್ಲಿರುವ ಒಂದು ವಾದ. ಎದುರಾಳಿಗಳ ಪ್ರಶ್ನೆ ಇದ್ದದ್ದು ಹೀಗೆ: ಯುದ್ಧ ಮಾಡುವುದು, ಶಿಕ್ಷೆ ಕೊಡುವುದು ಅರಸನ ಕೆಲಸ. ಖಾಸಗಿ ಕಂಪನಿಯ ಒಬ್ಬ ಕಪ್ತಾನ ಅದನ್ನು ಹೇಗೆ ಮಾಡಿದ? ಗ್ರೋಷಿಯಸ್ ಹೇಳುತ್ತಾನೆ, ಅರಸನಿಗೆ ಆ ಅಧಿಕಾರ ಬಂದದ್ದಾದರೂ ಎಲ್ಲಿಂದ? ಜನರಿಂದ ತಾನೆ? ಜನರಲ್ಲಿ ಒಬ್ಬೊಬ್ಬರ ಕೈಯಲ್ಲೂ ಮೊದಲೇ ಇಲ್ಲದ ಹಕ್ಕು ರಾಜ್ಯಕ್ಕೆ ಬರುವುದು ಸಾಧ್ಯವಿಲ್ಲ. ಹಾಗಾದರೆ ಅನ್ಯಾಯ ಮಾಡಿದವನನ್ನು ಶಿಕ್ಷಿಸುವ ಹಕ್ಕು ಮೊದಲು ಒಬ್ಬೊಬ್ಬ ಮನುಷ್ಯನದ್ದು. ಕೋರ್ಟು ಇಲ್ಲದ, ನ್ಯಾಯಾಧೀಶ ಇಲ್ಲದ ನಡುಗಡಲಿನಲ್ಲಿ ಅದು ಮತ್ತೆ ಅವನ ಕೈಗೆ ಬರುತ್ತದೆ. ಹೇಮ್ಸ್‌ಕರ್ಕ್ ಮಾಡಿದ್ದು ಅದನ್ನೇ.

ಎಂಥಾ ಮಾತು ನೋಡಿ. ಮನುಷ್ಯನಿಗೆ ಹುಟ್ಟಿನಿಂದಲೇ ಹಕ್ಕಿದೆ, ಸರ್ಕಾರದ ಅಧಿಕಾರ ಅವನು ಕೊಟ್ಟದ್ದು. ನಾವು ಶಾಲೆಯ ಪೌರನೀತಿಯಲ್ಲಿ ಓದಿದ ಪಾಠದ ತಾಯಿಬೇರು ಇಲ್ಲೂ ಇದೆ. ಎಂಬತ್ತೈದು ವರ್ಷ ಆದಮೇಲೆ ಇಂಗ್ಲೆಂಡಿನ ಜಾನ್ ಲಾಕ್ ಶಿಕ್ಷೆಯ ಹಕ್ಕಿನ ಬಗ್ಗೆ ಹೆಚ್ಚುಕಮ್ಮಿ ಇದೇ ವಾದ ಮಂಡಿಸಿದ. ಗ್ರೋಷಿಯಸ್‌ನ ಆ ಕೈಬರಹವನ್ನು ಲಾಕ್ ನೋಡಿರಲು ಸಾಧ್ಯವಿಲ್ಲ, ಅದು ಅಚ್ಚಾಗಿರಲೇ ಇಲ್ಲ. ಆದರೆ ಗ್ರೋಷಿಯಸ್ 1625ರಲ್ಲಿ ಹೊರತಂದ ಯುದ್ಧ ಮತ್ತು ಶಾಂತಿಯ ಕಾನೂನಿನ ಪುಸ್ತಕದಲ್ಲೂ ಈ ವಿಚಾರ ಮುಂದುವರಿದಿತ್ತು, ಅದು ಯುರೋಪಿನ ತುಂಬ ಓದಿಸಿಕೊಂಡಿತು. ಲಾಕ್ ಕೂಡ ಸುಮ್ನೆ ಕೋಣೆಯಲ್ಲಿ ಕೂತ ತತ್ವಜ್ಞಾನಿಯಲ್ಲ, ಅಮೆರಿಕದ ಕ್ಯಾರೊಲೈನಾ ವಸಾಹತಿನ ಒಡೆಯರ ಕಾರ್ಯದರ್ಶಿಯಾಗಿದ್ದವನು. ಹೊಸ ನೆಲ, ಹೊಸ ಕಡಲು ಕೈಗೆ ಬಂದಾಗ ಹಳೇ ಕಾನೂನು ಉತ್ತರ ಕೊಡಲಿಲ್ಲ. ಉತ್ತರ ಬೇಕಾಗಿದ್ದವರು ಮಾಲು ಮನೆಗೆ ತಂದಾಗಿತ್ತು. ಆ ತುರ್ತಿನಲ್ಲೇ ಈ ವಿಚಾರಗಳು ಹರಿತವಾದದ್ದು. ಹುಟ್ಟು ಕೆಟ್ಟದ್ದಾದ್ದರಿಂದ ವಿಚಾರವೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೊದಲ ಕಕ್ಷಿಗಾರ ಯಾರು ಅನ್ನುವುದನ್ನು ಮಾತ್ರ ಮರೆಯಬಾರದು, ಅಲ್ವಾ?

ಆ ದೊಡ್ಡ ಕೈಬರಹ ಪೆಟ್ಟಿಗೆಯಲ್ಲೇ ಉಳಿಯಿತು. ಗ್ರೋಷಿಯಸ್ ಮನೆತನದ ಕಾಗದಪತ್ರಗಳು 1864ರಲ್ಲಿ ಹೇಗ್ ನಗರದಲ್ಲಿ ಹರಾಜಿಗೆ ಬಂದಾಗಲೇ ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು. (ಪೆಟ್ಟಿಗೆಗೂ ಇವನಿಗೂ ಏನೋ ಋಣ. 1619ರಲ್ಲಿ ರಾಜಕೀಯ ಜಗಳದಲ್ಲಿ ಜೀವಾವಧಿ ಶಿಕ್ಷೆಯಾಗಿ ಕೋಟೆ ಸೇರಿದ. ಎರಡು ವರ್ಷದ ನಂತರ ಹೆಂಡತಿ ಅವನನ್ನು ಪುಸ್ತಕದ ಪೆಟ್ಟಿಗೆಯೊಳಗೆ ಕೂರಿಸಿ ಹೊರಗೆ ಸಾಗಿಸಿದಳು. ಹೊತ್ತವರು ಕಾವಲಿನವರೇ.) ಹನ್ನೆರಡನೇ ಅಧ್ಯಾಯವನ್ನಷ್ಟೇ ತಿದ್ದಿ 1609ರಲ್ಲಿ ಹೆಸರಿಲ್ಲದೆ ಪ್ರಕಟಿಸಿದರು. ಸ್ಪೇನ್ ಜೊತೆ ಕದನವಿರಾಮದ ಮಾತುಕತೆ ನಡೆಯುತ್ತಿದ್ದ ಹೊತ್ತು. ಏಷ್ಯಾ ವ್ಯಾಪಾರ ಬಿಟ್ಟುಕೊಡಬೇಕಾದೀತು ಅಂತ ಕಂಪನಿಗೆ ಭಯ. ಆ ಪುಟ್ಟ ಪುಸ್ತಕವೇ ಮಾರೆ ಲಿಬೆರುಮ್, ಮುಕ್ತ ಸಮುದ್ರ.

ವಾದ ಸರಳ. ನೆಲಕ್ಕೆ ಬೇಲಿ ಹಾಕಬಹುದು, ಕಡಲಿಗೆ ಆಗುವುದಿಲ್ಲ. ಗಾಳಿಯ ಹಾಗೆ ಅದು ಎಲ್ಲರದ್ದು. ಒಬ್ಬ ಹಾದುಹೋದರೆ ಇನ್ನೊಬ್ಬನಿಗೆ ಕಮ್ಮಿಯಾಗುವುದಿಲ್ಲ. ಪೋಪ್ ತನ್ನದಲ್ಲದ್ದನ್ನು ದಾನ ಮಾಡುವಂತಿಲ್ಲ. ಇನ್ನು ಆ ನಾಡುಗಳನ್ನು ಪೋರ್ಚುಗೀಸರು ಕಂಡುಹಿಡಿದರಂತೆ! ಜಾವಾ, ಸಿಂಹಳ, ಮಲುಕು ಎಂಬ ಮಸಾಲೆ ದ್ವೀಪಗಳಲ್ಲಿ ಮೊದಲಿಂದಲೂ ಅಲ್ಲಿನವರದೇ ಅರಸರಿದ್ದಾರೆ, ಅಲ್ಲಿನವರದೇ ಕಾನೂನಿದೆ. ಪೋರ್ಚುಗೀಸರೇ ಅಲ್ಲಿ ಸುಂಕ ಕಟ್ಟಿ, ಅಪ್ಪಣೆ ಪಡೆದು ವ್ಯಾಪಾರ ಮಾಡುತ್ತಾರೆ. ಒಡೆಯ ಯಾರಾದರೂ ಸುಂಕ ಕಟ್ಟುತ್ತಾನೆಯೇ? ಈ ಭಾಗ ಓದುವಾಗ ನಮ್ಮ ಕರಾವಳಿಯವನಿಗೆ ಖುಷಿಯಾಗದೆ ಇರದು. ಏಷ್ಯಾದ ಅರಸರೂ ಅರಸರೇ ಎಂದು ಯುರೋಪಿನ ಕಾನೂನು ಪುಸ್ತಕ ಬಾಯಿಬಿಟ್ಟು ಹೇಳುತ್ತಿದೆ.

ಜಗಳ ತೆಗೆದವರು ಪೋರ್ಚುಗೀಸರು ಮಾತ್ರ ಅಲ್ಲ. 1613ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವೆಲ್ವುಡ್ ಎದುರು ಬರೆದ. ಅವನ ತಕರಾರು ಮೀನಿನದ್ದು. ಡಚ್ಚರ ಹೆರಿಂಗ್ ದೋಣಿಗಳು ನಮ್ಮ ದಡದ ಹತ್ತಿರ ಬಂದು ಮೀನಿನ ಹಿಂಡು ಚದುರಿಸುತ್ತಿವೆ, ಸಮುದ್ರ ಎಲ್ಲರದ್ದು ಅಂತ ಬಿಟ್ಟರೆ ನಮ್ಮವರ ಪಾಡೇನು? ಗ್ರೋಷಿಯಸ್ ಉತ್ತರ ಬರೆದ, ಆದರೆ ಅಚ್ಚು ಹಾಕಿಸಲಿಲ್ಲ. ನಮ್ಮ ಅಪ್ಪ ನಾಡದೋಣಿಯವರು. ಎರಡು ಬೋಟು ಸೇರಿ ಒಂದೇ ದೊಡ್ಡ ಬಲೆ ಎಳೆಯುವ ಬುಲ್ ಟ್ರಾಲಿಂಗ್, ದೀಪದ ಬೆಳಕಿಗೆ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್ ಬೋಟುಗಳ ಮೇಲೆ ಅವರಿಗಿರುವ ಸಿಟ್ಟು ಇಷ್ಟಿಷ್ಟಲ್ಲ. ಈ ವೆಲ್ವುಡ್ ಕಥೆ ಹೇಳಿದಾಗ ಅವರು ತಲೆಯೆತ್ತದೆ ಬಲೆ ಹೆಣೆಯುತ್ತಲೇ ಅಂದದ್ದು: "ಕಡ್ಲ್ ಎಲ್ಲರದ್ದ್ ಅಂಬರ ಬಲಿ ಎಷ್ಟ್ ದೊಡ್ಡದ್ ಇತ್ತ್ ಅಂದೇಳಿ ಕಾಣ್ ಮೊದ್ಲ್."

ಅದೇ 1613ರಲ್ಲಿ ಗ್ರೋಷಿಯಸ್ ಲಂಡನ್ನಿಗೆ ಹೋದ. ಮಸಾಲೆ ದ್ವೀಪಗಳಲ್ಲಿ ಡಚ್ಚರು ತಮ್ಮನ್ನು ಒಳಗೇ ಬಿಡುತ್ತಿಲ್ಲ ಎಂದು ಇಂಗ್ಲಿಷರು ದೂರಿದ್ದರು. ಮಾತುಕತೆಯ ಮೇಜಿನ ಮೇಲೆ ಇಂಗ್ಲಿಷರು ಇಟ್ಟ ಅಸ್ತ್ರ ಯಾವುದು ಗೊತ್ತಾ? ಮಾರೆ ಲಿಬೆರುಮ್. ಕಡಲೂ ವ್ಯಾಪಾರವೂ ಎಲ್ಲರಿಗೂ ಮುಕ್ತ ಎಂದು ನಿಮ್ಮವನೇ ಬರೆದಿದ್ದಾನಲ್ಲ! ಎದುರಿಗೆ ಕೂತವನೇ ಬರೆದವನು. ಗ್ರೋಷಿಯಸ್ ತಡವರಿಸಲಿಲ್ಲ. ಸಮುದ್ರ ಮುಕ್ತವೇ, ಸರಿ. ಆದರೆ ದ್ವೀಪದವರು ನಮಗೇ ಮಾಲು ಕೊಡುತ್ತೇವೆ ಎಂದು ಒಪ್ಪಂದ ಬರೆದುಕೊಟ್ಟಿದ್ದಾರೆ, ಒಪ್ಪಂದ ಮುರಿಯುವಂತಿಲ್ಲ.

ಆ ಒಪ್ಪಂದ ಏನು ಮಾಡಿತು ಅನ್ನುವುದಕ್ಕೆ ಬಾಂದಾ ದ್ವೀಪಗಳನ್ನು ನೋಡಬೇಕು. ಆಗ ಜಗತ್ತಿನ ಜಾಯಿಕಾಯಿ, ಜಾಯಿಪತ್ರೆ ಬರುತ್ತಿದ್ದದ್ದು ಅಲ್ಲಿಂದ ಮಾತ್ರ. ದ್ವೀಪದವರು ಹಿಂದಿನಂತೆ ಜಾವಾದವರಿಗೂ ಇಂಗ್ಲಿಷರಿಗೂ ಮಾರುತ್ತಲೇ ಇದ್ದರು. ಒಪ್ಪಂದ ಮುರಿದರು ಎಂದು 1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೋನ್ ಕೂನ್ ಪಡೆ ಕಟ್ಟಿಕೊಂಡು ಬಂದ. ಊರ ಹಿರಿಯರು 44 ಮಂದಿಯನ್ನು ಒಂದೆಡೆ ಕೂಡಿಹಾಕಿ, ಜಪಾನಿನ ಬಾಡಿಗೆ ಸೈನಿಕರ ಕೈಯಿಂದ ಕಡಿಸಿದರು. ಸುಮಾರು 15 ಸಾವಿರ ಜನರಿದ್ದ ದ್ವೀಪಗಳಲ್ಲಿ ಕೊನೆಗೆ ಉಳಿದದ್ದು ಸಾವಿರದಷ್ಟು. ಉಳಿದವರು ಸತ್ತರು, ಹಸಿದರು, ಓಡಿದರು, ಗುಲಾಮರಾಗಿ ಹೋದರು. ಆಮೇಲೆ ಜಾಯಿಕಾಯಿ ತೋಟಗಳಲ್ಲಿ ಗುಲಾಮರನ್ನು ತಂದು ದುಡಿಸಿದರು. ಸಾಂತಾ ಕತರೀನಾದ ಹೆಂಗಸರು ಮಕ್ಕಳನ್ನು ಬಿಟ್ಟುಕಳಿಸಿದ ಕಂಪನಿಯೇ ಇದು.

ನಮ್ಮ ಹಡಗಿನ ಥರ್ಡ್ ಆಫೀಸರ್ ಇಂಡೋನೇಷ್ಯಾದ ಮಕಾಸ್ಸರ್‌ನವನು. ಮೆಸ್‌ನಲ್ಲಿ ಕೆಡೆಟ್‌ಗೆ ಈ ಕಥೆಯ ಉಳಿದರ್ಧ ಹೇಳುತ್ತಿದ್ದಾಗ ಅವನು ನಡುವೆ ಬಾಯಿ ಹಾಕಿದ. ಅವರ ಊರಿನ ಸುಲ್ತಾನ ಅಲಾವುದ್ದೀನ್ 1615ರಲ್ಲಿ ಡಚ್ಚರಿಗೆ ಹೇಳಿದ್ದನಂತೆ: ದೇವರು ನೆಲವನ್ನು ಮನುಷ್ಯರಿಗೆ ಹಂಚಿದ, ಸಮುದ್ರವನ್ನು ಎಲ್ಲರಿಗೂ ಒಟ್ಟಿಗೆ ಕೊಟ್ಟ, ಕಡಲ ಮೇಲೆ ಓಡಾಡಬಾರದು ಎಂದು ಯಾರನ್ನಾದರೂ ತಡೆದದ್ದನ್ನು ನಾನು ಕೇಳಿಲ್ಲ. ನಿಜವಾದ ಮಾತು, ಇತಿಹಾಸದಲ್ಲಿ ದಾಖಲಾಗಿದೆ. ಸುಲ್ತಾನ ಲ್ಯಾಟಿನ್ ಓದಿದವನಲ್ಲ. ಬೇರೆ ಬೇರೆ ಊರಿನ ವ್ಯಾಪಾರಿಗಳಿಗೆ ಬಂದರು ತೆರೆದಿಟ್ಟು ಬದುಕಿದ ಊರಿನ ರೂಢಿ ಅದು. 1950ರ ದಶಕದಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದ ಅಲೆಕ್ಸಾಂಡ್ರೋವಿಚ್ ಎಂಬ ವಿದ್ವಾಂಸರು, ಹಿಂದೂ ಮಹಾಸಾಗರದ ಈ ಹಳೇ ರೂಢಿಯೇ ಗ್ರೋಷಿಯಸ್‌ಗೆ ದಾರಿ ತೋರಿಸಿರಬೇಕು ಎಂದು ವಾದಿಸಿದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅವನು ಉಲ್ಲೇಖಿಸುವವರು ಬಹುತೇಕ ರೋಮನ್ ಕಾನೂನಿನವರು, ಸ್ಪೇನಿನ ವಿತೋರಿಯಾನಂಥ ಪಾದ್ರಿಗಳು. ಬೇಕಿದ್ದ ಸಾಕ್ಷಿ ಅವನಿಗೆ ಮನೆಯ ಕಪಾಟಿನಲ್ಲೇ ಸಿಕ್ಕಿತ್ತು. ಮಕಾಸ್ಸರ್‌ನ ರೂಢಿಗೆ ಮಾತ್ರ ವಕೀಲ ಸಿಗಲಿಲ್ಲ. ಅಲಾವುದ್ದೀನನ ಮೊಮ್ಮಗ ಹಸನುದ್ದೀನನ ಕಾಲಕ್ಕೆ, 1669ರಲ್ಲಿ ಕಂಪನಿ ಆ ಊರನ್ನು ಬಗ್ಗಿಸಿ ಬಂದರಿಗೆ ಬೀಗ ಹಾಕಿತು. ಈಗ ಅಲ್ಲಿನ ವಿಮಾನ ನಿಲ್ದಾಣಕ್ಕೆ ಹಸನುದ್ದೀನನ ಹೆಸರಿದೆ.

ಕೆಡೆಟ್ ಅಷ್ಟಕ್ಕೆ ಬಿಡಲಿಲ್ಲ. ಲಕ್ಷದ್ವೀಪದ ವಿಷಯ ಎತ್ತಿದ. 2021ರ ಏಪ್ರಿಲ್ 7ರಂದು ಅಮೆರಿಕದ ಯುದ್ಧನೌಕೆ ಜಾನ್ ಪಾಲ್ ಜೋನ್ಸ್, ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ, ನಮ್ಮ ಆರ್ಥಿಕ ವಲಯದೊಳಗೆ (ದಡದಿಂದ 200 ನಾಟಿಕಲ್ ಮೈಲಿವರೆಗೆ ಮೀನು, ಎಣ್ಣೆ ಮುಂತಾದ ಸಂಪತ್ತಿನ ಹಕ್ಕು ನಮ್ಮದಾಗಿರುವ ಕಡಲು) ಓಡಾಡಿತು. ಭಾರತದ ಒಪ್ಪಿಗೆ ಕೇಳದೆಯೇ ಬಂದಿದ್ದೇವೆ ಎಂದು ಅವರೇ ಹೇಳಿಕೆ ಕೊಟ್ಟರು. ಸಮುದ್ರದ ಸ್ವಾತಂತ್ರ್ಯ ಕಾಪಾಡಲಂತೆ. ನಮ್ಮ ವಲಯದಲ್ಲಿ ಒಪ್ಪಿಗೆಯಿಲ್ಲದೆ ಸೈನಿಕ ಕಸರತ್ತು ನಡೆಸಲು 1982ರ ಒಪ್ಪಂದ ಅವಕಾಶ ಕೊಡುವುದಿಲ್ಲ ಎನ್ನುವುದು ಭಾರತದ ನಿಲುವು. ನಾವು 1995ರಲ್ಲೇ ಆ ಒಪ್ಪಂದ ಸೇರಿದ್ದೇವೆ. ಅಮೆರಿಕ ಇನ್ನೂ ಸೇರಿಲ್ಲ.

"ಹಾಗಾದ್ರೆ ಯಾರು ಸರಿ ಸರ್?" ಅಂದ ಹುಡುಗ. ಕ್ಯಾಪ್ಟನ್ ಅಮೆರಿಕದ ಕಡೆ ವಾಲಿದರು. ಇವತ್ತು ನೌಕಾಪಡೆಗೆ ಅಪ್ಪಣೆ ಬೇಕು ಅಂದರೆ ನಾಳೆ ನಮ್ಮಂಥ ಸರಕು ಹಡಗಿಗೂ ಬೇಕು ಅನ್ನುತ್ತಾರೆ ಎನ್ನುವುದು ಅವರ ಲೆಕ್ಕ. ಆ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ನನ್ನ ಸಂಬಳವೂ ಗ್ರೋಷಿಯಸ್‌ನ ಹನ್ನೆರಡನೇ ಅಧ್ಯಾಯದಿಂದಲೇ ಬರುವುದು. ಸರಕು ಹಡಗಿನ ವಿಷಯಕ್ಕೆ ನಾನು ಅವನ ಪಕ್ಷ. ಫಿರಂಗಿ ಹೊತ್ತ ಹಡಗಿನ ವಿಷಯಕ್ಕೆ ನಮ್ಮ ಅಪ್ಪನ ಪಕ್ಷ.